ಹಳೇ ಅಂಬಾಸಿಡರ್, ಪದ್ಮಿನಿಗೆ ಮನೆಯಲ್ಲೇ ಡೋರ್ ಪ್ಯಾಡ್: ಮಲೆನಾಡಿನ ಮಳೆಗೆ ತಡೆಯುವ ಹಾಗೆ

ಸಕಲೇಶಪುರದ ಕಡೆ ತೋಟದ ಶೆಡ್ಡಿನಲ್ಲಿ ನಿಂತಿರುವ ಯಾವುದಾದರೂ ಅಂಬಾಸಿಡರ್‌ನ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಗೆ ಹೊದಿಸಿದ ಹಲಗೆ) ಬಿಚ್ಚಿ ತಿರುಗಿಸಿ ನೋಡಿ. ಮೇಲಿನ ರೆಕ್ಸಿನ್ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಹಿಂದಿನ ಹಾರ್ಡ್‌ಬೋರ್ಡ್ ಮಾತ್ರ ಕೆಳಗಿನ ನಾಲ್ಕೈದು ಇಂಚು ಕಪ್ಪಾಗಿ ಊದಿಕೊಂಡು, ಉಗುರು ತಾಗಿಸಿದರೆ ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉದುರುತ್ತದೆ. ಪ್ಯಾಡನ್ನು ಡೋರಿಗೆ ಹಿಡಿಸುವ ಕ್ಲಿಪ್ಪಿನ ತೂತುಗಳೆಲ್ಲ ಅಗಲವಾಗಿ ಹರಿದಿರುತ್ತವೆ. ಇದಕ್ಕೆ ಹೊಸ ರೆಕ್ಸಿನ್ ಹೊದಿಸಿ ಅದೇ ಜಾಗಕ್ಕೆ ಬಡಿದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕತೆ.

ಅಂದರೆ ಡೋರ್ ಪ್ಯಾಡ್ ಕೆಡುವುದು ಬೆನ್ನಿನ ಕಡೆಯಿಂದ. ಗ್ಲಾಸಿನ ಮೇಲೆ ಇಳಿಯುವ ನೀರಿನಲ್ಲಿ ಒಂದಷ್ಟು ಯಾವಾಗಲೂ ಡೋರಿನ ಒಳಗೇ ಹೋಗುತ್ತದೆ, ಶೋರೂಮಿನಿಂದ ಬಂದ ಕಾರಿನಲ್ಲೂ ಹೋಗುತ್ತದೆ. ಆ ನೀರು ಹೊರಬೀಳಲೆಂದೇ ಡೋರಿನ ತಳದಲ್ಲಿ ತೂತುಗಳಿವೆ, ಪ್ಯಾಡಿಗೆ ತಾಗದಿರಲೆಂದೇ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹಳೇ ಕಾರುಗಳಲ್ಲಿ ತೂತು ಮುಚ್ಚಿಹೋಗಿರುತ್ತದೆ. ಹಾಳೆಯನ್ನು ಯಾರೋ ಮೆಕ್ಯಾನಿಕ್ ಎಂದೋ ಕಿತ್ತು ಬಿಸಾಡಿರುತ್ತಾನೆ. ಹಾಗಾಗಿ ಈ ಕೆಲಸದಲ್ಲಿ ಅರ್ಧ ಹೊತ್ತು ರೆಕ್ಸಿನ್ ಮುಟ್ಟುವುದಕ್ಕೆ ಮುಂಚೆಯೇ ಕಳೆಯಬೇಕು.

ಇಲ್ಲಿ ಹೇಳಿರುವುದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪದ್ಮಿನಿ 2000ದ ಆಸುಪಾಸಿಗೆ, ಅಂಬಾಸಿಡರ್ 2014ಕ್ಕೆ ನಿಂತವು. ಚಪ್ಪಟೆ ಬೋರ್ಡಿನ ಪ್ಯಾಡ್ ಇರುವ ಬೇರೆ ಯಾವ ಹಳೇ ಗಾಡಿಗೂ ಕ್ರಮ ಇದೇ.

ಯಾವಾಗ ಮಾಡಬೇಕು

ಫೆಬ್ರವರಿ, ಮಾರ್ಚ್. ಕಾಫಿ ಕೊಯ್ಲು ಮುಗಿದಿರುತ್ತದೆ, ಹೂಮಳೆ ಇನ್ನೂ ಸರಿಯಾಗಿ ಹಿಡಿದಿರುವುದಿಲ್ಲ, ಗಾಳಿ ಒಣಗಿರುತ್ತದೆ. ಜುಲೈಯಲ್ಲಿ ಮೂಡಿಗೆರೆಯಲ್ಲೋ ಕೊಟ್ಟಿಗೆಹಾರದಲ್ಲೋ ಕೂತು ಈ ಕೆಲಸಕ್ಕೆ ಕೈ ಹಾಕಿದರೆ ಗಮ್ ಕೈಕೊಡುತ್ತದೆ. ರಬ್ಬರ್ ಗಮ್ ಒಣಗುವಾಗ ಅದರಲ್ಲಿರುವ ಥಿನ್ನರ್ ಬೇಗ ಹಾರಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅಲ್ಲಿ ಬಿಳಿ ಮಬ್ಬಾಗಿ ಕೂರುತ್ತದೆ. ಆ ಮಬ್ಬಿನ ಮೇಲೆ ರೆಕ್ಸಿನ್ ಒತ್ತಿದರೆ ಆ ಹೊತ್ತಿಗೆ ಹಿಡಿದ ಹಾಗೆ ಕಾಣುತ್ತದೆ, ಬೇಸಿಗೆ ಬಂದ ಕೂಡಲೇ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲೇ ಮಾಡಬೇಕಾದ ಪ್ರಸಂಗ ಬಂದರೆ ಬೋರ್ಡನ್ನೂ ರೆಕ್ಸಿನನ್ನೂ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಂಡು ಗಮ್ ಹಚ್ಚಿ. ಮಬ್ಬು ಕಂಡರೆ ಅದು ಪೂರ್ತಿ ಹೋಗುವವರೆಗೆ ಬಿಸಿಗಾಳಿ ಹಿಡಿದು, ಮೇಲೊಂದು ತೆಳು ಕೋಟ್ ಹಚ್ಚಿ, ಆಮೇಲೆ ಅಂಟಿಸಿ.

ಬೇಕಾಗುವ ಸಾಮಾನು

ಬೋರ್ಡಿನ ಆಯ್ಕೆ ನೀವಿರುವ ಊರಿನ ಮೇಲೆ ನಿಂತಿದೆ. ಕಡೂರು, ಅರಸೀಕೆರೆ ಕಡೆಯ ಒಣ ಹವೆಗೆ 3 ಎಂಎಂ ಹಾರ್ಡ್‌ಬೋರ್ಡ್ ಸಾಕು. ಮೂಲ ದಪ್ಪವೂ ಹೆಚ್ಚುಕಮ್ಮಿ ಅದೇ, ಕ್ಲಿಪ್ ಹ್ಯಾಂಡಲ್ ಎಲ್ಲ ತಕರಾರಿಲ್ಲದೆ ಕೂರುತ್ತವೆ. ಮೂಡಿಗೆರೆ, ಕಳಸ, ಶೃಂಗೇರಿ, ಸಕಲೇಶಪುರದವರು ಹಾರ್ಡ್‌ಬೋರ್ಡ್ ಕಡೆ ತಲೆ ಹಾಕಬೇಡಿ. ಅದು ಮರದ ನಾರನ್ನು ಒತ್ತಿ ಮಾಡಿದ್ದು, ಒಮ್ಮೆ ನೀರು ಕುಡಿದು ಊದಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. 4 ಎಂಎಂ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ಪ್ಲೈವುಡ್ ತನ್ನಿ. ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ‘ವಾಟರ್‌ಪ್ರೂಫ್ ಸಾರ್’ ಎಂಬ ಬಾಯಿಮಾತು ಸಾಲದು. ಅನುಮಾನವಿದ್ದರೆ ಒಂದು ತುಂಡನ್ನು ಅರ್ಧ ಗಂಟೆ ಕುದಿಯುವ ನೀರಿನಲ್ಲಿಟ್ಟು ತೆಗೆಯಿರಿ, ಪದರ ಬಿಟ್ಟರೆ ವಾಪಸ್ ಕೊಡಿ.

ಪಿವಿಸಿ ಫೋಮ್ ಬೋರ್ಡ್ ಹಾಕಿದರೆ ನೀರಿನ ಚಿಂತೆಯೇ ಇಲ್ಲವಲ್ಲ ಎಂದು ಕೇಳುವವರುಂಟು. ನೀರಿಗೆ ಅದು ಜಗ್ಗುವುದಿಲ್ಲ, ನಿಜ. ಆದರೆ ಗ್ಲಾಸು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗಿ ಕ್ಲಿಪ್ಪಿನಿಂದ ಕ್ಲಿಪ್ಪಿಗೆ ಅಲೆ ಅಲೆಯಾಗಿ ನಿಲ್ಲುತ್ತದೆ. ಬೇಡ.

8×4 ಅಡಿಯ ಒಂದು ಹಾಳೆಯಲ್ಲಿ ನಾಲ್ಕೂ ಡೋರು ಮುಗಿಯುತ್ತದೆ. ಒಂದೊಂದು ಪ್ಯಾಡ್ ಹೆಚ್ಚೆಂದರೆ 3×2 ಅಡಿ ಎಂದಿಟ್ಟುಕೊಳ್ಳಿ. ಹಾಳೆಯನ್ನು ಉದ್ದಕ್ಕೆ ಎರಡು ಅಡಿಯ ಎರಡು ಪಟ್ಟಿ ಮಾಡಿದರೆ ಪಟ್ಟಿಗೆ ಎರಡು ಪ್ಯಾಡ್, ಕೊನೆಗೆ 2×2 ಅಡಿಯ ಎರಡು ತುಂಡು ಉಳಿಯುತ್ತವೆ. ಅವನ್ನು ಎಸೆಯಬೇಡಿ, ಗಮ್, ಹೊಲಿಗೆ ಎಲ್ಲವನ್ನೂ ಮೊದಲು ಅವುಗಳ ಮೇಲೆ ಪರೀಕ್ಷೆ ಮಾಡಬೇಕು. ಹೀಗೆ ಕತ್ತರಿಸಿದರೆ ಪ್ಲೈಯ ಮೇಲ್ಪದರದ ನಾರು ಪ್ಯಾಡಿನ ಉದ್ದಕ್ಕೇ ಬರುತ್ತದೆ, ಬೋರ್ಡು ಸುಲಭಕ್ಕೆ ಬಾಗುವುದಿಲ್ಲ.

ರೆಕ್ಸಿನ್ ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ (ಅಗಲದಲ್ಲಿ) ಬರುತ್ತದೆ. ಇಲ್ಲೊಂದು ಲೆಕ್ಕ ತಪ್ಪುವ ಜಾಗವಿದೆ. 24 ಇಂಚು ಎತ್ತರದ ಪ್ಯಾಡಿಗೆ ಮೇಲೆ ಕೆಳಗೆ ಎರಡೆರಡು ಇಂಚು ಮಡಿಕೆ ಬಿಟ್ಟರೆ 28 ಆಯಿತು. ಎರಡು ಪ್ಯಾಡಿಗೆ 56. ಪನ್ನ ಎರಡಿಂಚು ಸಾಲುವುದಿಲ್ಲ! ಮಡಿಕೆಯಲ್ಲಿ ಜಿಪುಣತನ ಮಾಡಿ ಎರಡನ್ನೂ ತುರುಕಲು ಹೋಗಬೇಡಿ. ಪ್ಯಾಡಿನ ಉದ್ದ, ಅಂದರೆ ಮಡಿಕೆ ಸೇರಿ 40 ಇಂಚು, ಪನ್ನದ ಅಡ್ಡಕ್ಕೆ ಬರಲಿ. ಆಗ ಪ್ಯಾಡಿಗೆ 28 ಇಂಚಿನಂತೆ ನಾಲ್ಕಕ್ಕೆ 112 ಇಂಚು, ಮೂರು ಮೀಟರಿಗೆ ಸ್ವಲ್ಪ ಕಡಿಮೆ. ಮೂರೂವರೆ ಮೀಟರ್ ತನ್ನಿ. ಹೊಲಿಗೆ ಗೆರೆಗಳಿರುವ ವಿನ್ಯಾಸವಾದರೆ ನಾಲ್ಕು. ಒಂದೇ ರೋಲಿನಿಂದ ಒಂದೇ ಸಲ ಕತ್ತರಿಸಿಕೊಳ್ಳಿ. ಅದೇ ನಂಬರಿನ ರೆಕ್ಸಿನ್ ಮುಂದಿನ ತಿಂಗಳು ಒಂದು ಎಳೆ ಬೇರೆ ಬಣ್ಣದಲ್ಲಿ ಬಂದಿರುತ್ತದೆ.

ಫೋಮ್ 3ರಿಂದ 5 ಎಂಎಂ. ನೀರು ಹೀರುವ ಸ್ಪಂಜು ಬೇಡ, ಮುಚ್ಚಿದ ಗುಳ್ಳೆಯ ಇವಿಎ ಅಥವಾ ಎಕ್ಸ್‌ಎಲ್‌ಪಿಇ ಹಾಳೆ ಇರಲಿ. ಅಂಗಡಿಯಲ್ಲೇ ಒಂದು ಚೂರನ್ನು ನೀರಿನಲ್ಲಿ ಅದ್ದಿ ಹಿಂಡಿ ನೋಡಿದರೆ ಗೊತ್ತಾಗುತ್ತದೆ. ಸ್ಪಂಜು ಒಮ್ಮೆ ನೆನೆದರೆ ಮಳೆಗಾಲ ಪೂರ್ತಿ ಒಣಗುವುದಿಲ್ಲ, ಬೂಸಲು ವಾಸನೆ ಕಾರಿನಿಂದ ಹೋಗುವುದೂ ಇಲ್ಲ.

ಗಮ್ ಎಂದರೆ ಫೆವಿಕಾಲ್ ಎಸ್‌ಆರ್ ಜಾತಿಯ ಹಳದಿ ರಬ್ಬರ್ ಗಮ್. ಬಡಗಿಯ ಬಿಳಿ ಫೆವಿಕಾಲ್ ಅಲ್ಲ. ಬೆನ್ನಿಗೆ ಫೋಮ್ ಸೇರಿಯೇ ಬರುವ ರೆಕ್ಸಿನ್ ಆದರೆ ನಾಲ್ಕು ಡೋರಿಗೆ ಒಂದು ಲೀಟರ್ ಬೇಕಾಗುತ್ತದೆ, ಫೋಮ್ ಬೇರೆ ರೆಕ್ಸಿನ್ ಬೇರೆ ಅಂಟಿಸುವುದಾದರೆ ಎರಡು ಲೀಟರ್ ಲೆಕ್ಕ ಹಾಕಿ. ಇದರ ಜೊತೆಗೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ (ನರ್ಸರಿಯ ಪಾಲಿಹೌಸಿಗೆ ಹೊದಿಸಿ ಉಳಿದ ತುಂಡು ಹೇಳಿ ಮಾಡಿಸಿದ ಹಾಗಿರುತ್ತದೆ), ಬ್ಯೂಟೈಲ್ ಟೇಪ್ (ಮೆತ್ತಗಿನ ಜಿಗುಟು ರಬ್ಬರ್ ಟೇಪ್), ಪಿಯು (ಪಾಲಿಯುರಿಥೇನ್) ವಾರ್ನಿಷ್ ಅರ್ಧ ಲೀಟರ್, ತೂತುಗಳನ್ನು ಎಣಿಸಿ ಅದಕ್ಕಿಂತ ನಾಲ್ಕೈದು ಹೆಚ್ಚು ಕ್ಲಿಪ್. ಕ್ಲಿಪ್ಪಿಗೆ ಹಾಸನ, ಚಿಕ್ಕಮಗಳೂರಿನ ಕುಷನ್ ಅಂಗಡಿಗಳಲ್ಲೇ ಮೊದಲು ಕೇಳಿ. ಸಿಗದಿದ್ದರೆ ಹಳೆಯದೊಂದನ್ನು ಜೇಬಿನಲ್ಲಿಟ್ಟುಕೊಂಡು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಬೇಕು. ಫೋನಿನಲ್ಲಿ ವಿವರಿಸಿ ತರಿಸಿದ ಕ್ಲಿಪ್ ಸರಿಹೋಗುವುದು ಅಪರೂಪ.

ಬಿಚ್ಚುವುದು

ಗ್ಲಾಸ್ ಏರಿಸುವ ಹ್ಯಾಂಡಲ್ ಮೂರು ಬಗೆಯಲ್ಲಿ ಹಿಡಿದಿರುತ್ತದೆ. ನಡುವೆ ಸ್ಕ್ರೂ ಕಂಡರೆ ಮುಗಿಯಿತು. ಇಲ್ಲದಿದ್ದರೆ ಹ್ಯಾಂಡಲಿನ ಹಿಂದಿರುವ ಬಟ್ಟಲನ್ನು ಒಳಕ್ಕೆ ಒತ್ತಿ ನೋಡಿ, ಅಡ್ಡ ಪಿನ್ ಕಂಡರೆ ಸಣ್ಣ ಮೊಳೆಯಿಂದ ತಟ್ಟಿ ಹೊರಗೆ ತಳ್ಳಿ. ಪಿನ್ನೂ ಇಲ್ಲ ಎಂದರೆ ಹಿಂದೆ ಕುದುರೆ ಲಾಳದ ಆಕಾರದ ಕ್ಲಿಪ್ ಇದೆ ಎಂದರ್ಥ. ಹಳೇ ಪಂಚೆಯಿಂದ ಎರಡಿಂಚಿನ ಪಟ್ಟಿ ಹರಿದು ಹ್ಯಾಂಡಲ್ ಮತ್ತು ಬಟ್ಟಲಿನ ಸಂದಿಗೆ ಹಾಕಿ, ಬೂಟು ಪಾಲಿಶ್ ಮಾಡುವ ಹಾಗೆ ಅತ್ತಿತ್ತ ಎಳೆಯಿರಿ. ಬಟ್ಟೆಯ ಎಳೆಗೆ ಸಿಕ್ಕಿ ಕ್ಲಿಪ್ ಹಾರಿ ಬರುತ್ತದೆ. ನಿಜವಾಗಿಯೂ ಹಾರುತ್ತದೆ, ಇನ್ನೊಂದು ಕೈ ಅಡ್ಡ ಹಿಡಿದಿರಿ. ಹ್ಯಾಂಡಲ್ ತೆಗೆಯುವ ಮುಂಚೆ ಗ್ಲಾಸ್ ಪೂರ್ತಿ ಏರಿಸಿ, ಹ್ಯಾಂಡಲ್ ಯಾವ ಕಡೆ ಮುಖ ಮಾಡಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆರ್ಮ್‌ರೆಸ್ಟ್, ಲಾಕ್ ಹ್ಯಾಂಡಲ್ ಬಿಚ್ಚಿದ ಮೇಲೆ ಪ್ಯಾಡ್ ಎಬ್ಬಿಸಬೇಕು. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಎದ್ದು ಬರುತ್ತದೆ, ಅಲ್ಲಿಂದಲೇ ತುಕ್ಕು ಶುರು. ಅಡಿಕೆ ದಬ್ಬೆಯನ್ನು ಒಂದಿಂಚು ಅಗಲಕ್ಕೆ ಸೀಳಿ ತುದಿ ಚಪ್ಪಟೆ ಮಾಡಿಕೊಂಡರೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಪ್ರತಿ ಕ್ಲಿಪ್ಪಿನ ಪಕ್ಕಕ್ಕೇ ದಬ್ಬೆ ತೂರಿಸಿ ಎಬ್ಬಿಸಿ, ಎರಡು ಕ್ಲಿಪ್ಪಿನ ನಡುವೆ ಮೀಟಬೇಡಿ. ಹಳೇ ಪ್ಯಾಡ್ ಎಷ್ಟೇ ಹಾಳಾಗಿದ್ದರೂ ಕೆಲಸ ಮುಗಿಯುವವರೆಗೆ ಒಲೆಗೆ ಹಾಕಬೇಡಿ.

ಡೋರಿನ ಒಳಗಿನ ಕೆಲಸ

ಟಾರ್ಚ್ ಹಿಡಿದು ಡೋರಿನ ತಳ ನೋಡಿ. ಸಿಲ್ವರ್ ಓಕ್ ಮರದಡಿ ನಿಲ್ಲಿಸುವ ಕಾರಾದರೆ ಒಳಗೆ ಒಂದು ಹಿಡಿ ಎಲೆಪುಡಿ, ಅದರ ಕೆಳಗೆ ಕಪ್ಪು ಗೊಜ್ಜು, ಗೊಜ್ಜಿನ ಕೆಳಗೆ ತುಕ್ಕು. ಎಲ್ಲ ಕೆರೆದು ತೆಗೆದು, ತಳದ ತೂತುಗಳಿಗೆ ಸೈಕಲ್ ಕಡ್ಡಿ ಹಾಕಿ ಹೊರಗಿನಿಂದ ಚುಚ್ಚಿ. ಆಮೇಲೆ ಒಂದು ಚೊಂಬು ನೀರನ್ನು ಹೊರಗಿನಿಂದ ಗ್ಲಾಸಿನ ಮೇಲೆ ನಿಧಾನಕ್ಕೆ ಸುರಿದು ಒಳಗಿನಿಂದ ನೋಡಿ. ನೀರು ಹೊರಗಿನ ತಗಡಿನ ಒಳಮೈಯಲ್ಲಿ ಇಳಿದು ತೂತಿನಿಂದ ಬಿದ್ದರೆ ಸರಿ. ಧಾರೆಯಾಗಿ ಒಳಬಂದರೆ ಗ್ಲಾಸಿನ ಬುಡದ ರಬ್ಬರ್ ಪಟ್ಟಿ ಹೋಗಿದೆ, ಈಗಲೇ ಬದಲಾಯಿಸಿ. ಮುಂದಿನ ಡೋರಿನಲ್ಲಿ ತ್ರಿಕೋನದ ಗ್ಲಾಸ್ ಇದ್ದರೆ ಅದರ ಕೆಳಮೂಲೆಯನ್ನು ಬೇರೆಯಾಗಿಯೇ ಪರೀಕ್ಷಿಸಿ.

ತಗಡು ಒಣಗಿದ ಮೇಲೆ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕು ಹರಡದಂತೆ ಮಾಡುವ ದ್ರವ), ಅದರ ಮೇಲೆ ಪ್ರೈಮರ್ ಮತ್ತು ಪೇಂಟ್. ಹಳೇ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಹಲವರಿಗಿದೆ. ಆಯಿಲ್ ರಬ್ಬರ್ ಪಟ್ಟಿಗಳನ್ನು ಊದಿಸುತ್ತದೆ, ಬ್ಯೂಟೈಲ್ ಟೇಪ್ ಕೂರಲು ಬಿಡುವುದಿಲ್ಲ. ಗ್ಲಾಸ್ ಏರಿಸಿ ಇಳಿಸುವ ಮೆಷಿನ್‌ಗೆ ಗ್ರೀಸ್ ಹಚ್ಚಿ, ಅದರ ಸ್ಕ್ರೂ ಬಿಗಿ ಮಾಡಿ, ಲಾಕಿನ ಸರಳುಗಳು ಅಲುಗಾಡಿ ಶಬ್ದ ಮಾಡುತ್ತವೆಯೇ ನೋಡಿ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಹೊಸ ಪ್ಯಾಡ್ ಹಾಕಿದ ಮರುವಾರ ಅದನ್ನೇ ಬಿಚ್ಚಬೇಕಾಗುತ್ತದೆ.

ಪ್ಲಾಸ್ಟಿಕ್ ಹಾಳೆಯೇ ಇಡೀ ಕೆಲಸದ ಜೀವ. ಡೋರಿನ ಒಳತಗಡಿನ ಅಷ್ಟೂ ಬಾಯಿ ಮುಚ್ಚುವ ಹಾಗೆ ಹಾಳೆ ಕತ್ತರಿಸಿ, ಸುತ್ತ ಬ್ಯೂಟೈಲ್ ಟೇಪಿನಿಂದ ಅಂಟಿಸಿ. ಆದರೆ ಕೆಳ ಅಂಚನ್ನು ತಗಡಿನ ಮೇಲೆ ಅಂಟಿಸಬೇಡಿ. ಒಳತಗಡಿನ ಕೆಳಗಿನ ಬಾಯಿಯೊಳಗೆ ಮೂರು ನಾಲ್ಕು ಇಂಚು ಇಳಿಬಿಡಿ. ಹಾಳೆಯ ಬೆನ್ನಿಗೆ ಬಡಿದ ನೀರು ಹಾಳೆಯನ್ನೇ ಹಿಡಿದು ಇಳಿದು ಮತ್ತೆ ಡೋರಿನ ಹೊಟ್ಟೆಗೆ ಬೀಳಬೇಕು, ಅಲ್ಲಿಂದ ತೂತಿನ ದಾರಿ. ನಾಲ್ಕೂ ಕಡೆ ಚೆಂದವಾಗಿ ಹೊರಗಡೆಯೇ ಅಂಟಿಸಿಬಿಟ್ಟರೆ ನೀರು ಕೆಳ ಅಂಚಿನಲ್ಲಿ ನಿಂತು, ಎಲ್ಲಾದರೂ ಒಂದು ಕಡೆ ಟೇಪ್ ಬಿಡಿಸಿಕೊಂಡು, ನೇರ ಪ್ಯಾಡಿನ ಬುಡಕ್ಕೆ ಇಳಿಯುತ್ತದೆ. ಮೊದಲು ಹೇಳಿದ ಆ ಕಪ್ಪು ನಾಲ್ಕಿಂಚು ಹಾಗೆ ಆಗುವಂಥದ್ದು. ಹ್ಯಾಂಡಲಿನ ದಂಡಕ್ಕೆ ಹಾಳೆಯಲ್ಲಿ ದೊಡ್ಡ ತೂತು ಬೇಡ, ಬ್ಲೇಡಿನಿಂದ ಪ್ಲಸ್ ಗುರುತಿನ ಹಾಗೆ ಸೀಳಿದರೆ ಸಾಕು. ಹುಳಿ ವಾಸನೆ ಬರುವ ಸಿಲಿಕಾನ್ ಸೀಲೆಂಟ್ ಇಲ್ಲಿ ಹಾಕಬಾರದು, ಅದರಿಂದ ಹೊರಡುವ ಆಸಿಡ್ ತಗಡು ತಿನ್ನುತ್ತದೆ.

ಮಾದರಿ, ಗುರುತು, ಕತ್ತರಿಸುವುದು

ಹಳೇ ಪ್ಯಾಡ್ ಊದಿಕೊಂಡಿದ್ದರೆ ಅದರ ಅಳತೆಯನ್ನು ಕುರುಡಾಗಿ ನಂಬಬೇಡಿ. ಮೊದಲು ಟಿವಿ ಡಬ್ಬದ ರಟ್ಟಿನಲ್ಲಿ ಮಾದರಿ ಮಾಡಿ ಡೋರಿಗೆ ಹಿಡಿದು ತಿದ್ದಿಕೊಳ್ಳಿ. ಕ್ಲಿಪ್ಪಿನ ತೂತುಗಳ ಜಾಗ ಹಿಡಿಯಲು ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕಲಸಿ, ಡೋರಿನ ಪ್ರತಿ ತೂತಿನ ಸುತ್ತ ತೆಳ್ಳಗೆ ಹಚ್ಚಿ, ರಟ್ಟನ್ನು ಜಾಗಕ್ಕೆ ಸರಿಯಾಗಿ ಇಟ್ಟು ಅಂಗೈಯಿಂದ ಒತ್ತಿ. ತೆಗೆದರೆ ರಟ್ಟಿನ ಮೇಲೆ ಕೆಂಪು ಬಳೆಗಳು ಮೂಡಿರುತ್ತವೆ, ಬಳೆಯ ನಟ್ಟನಡುವೆಯೇ ಕ್ಲಿಪ್. ಡೋರಿನ ಮೇಲಿನ ಕುಂಕುಮ ಪೂರ್ತಿ ಒರೆಸಿ, ಎಣ್ಣೆಯ ಪಸೆ ಉಳಿದರೆ ಟೇಪ್ ಹಿಡಿಯುವುದಿಲ್ಲ. ಹಾಳೆ ಅಂಟಿಸುವ ಮುಂಚೆಯೇ ಈ ಗುರುತಿನ ಕೆಲಸ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು.

ರಟ್ಟಿನಿಂದ ಪ್ಲೈಗೆ ಗೆರೆ ಎಳೆಯುವಾಗ ಸುತ್ತ ಒಂದೂವರೆಯಿಂದ ಎರಡು ಎಂಎಂ ಒಳಕ್ಕೆ ಬನ್ನಿ. ಅಂಚಿಗೆ ರೆಕ್ಸಿನ್ ಮಡಚಿಕೊಂಡಾಗ ಗಮ್ ಸೇರಿ ಅಷ್ಟು ದಪ್ಪ ಕೂಡುತ್ತದೆ. ಹಾಗೆ ಬಿಡದಿದ್ದರೆ ಡೋರ್ ಹಾಕುವಾಗ ಪ್ಯಾಡಿನ ಅಂಚು ಬಾಗಿಲ ಚೌಕಟ್ಟಿನ ಬೀಡಿಂಗಿಗೆ (ರಬ್ಬರ್ ಅಂಚುಪಟ್ಟಿಗೆ) ಉಜ್ಜಿ ಆರು ತಿಂಗಳಲ್ಲಿ ಹರಿಯುತ್ತದೆ.

ಈಗ ಎಲ್ಲರೂ ಮಾಡುವ ತಪ್ಪು. ಎಡ ಬಲ ಒಂದೇ ಆಕಾರ, ಕನ್ನಡಿಯ ಪ್ರತಿಬಿಂಬದ ಹಾಗೆ. ಒಂದೇ ಮಾದರಿ ತಿರುಗಿಸಿ ಎರಡು ಕತ್ತರಿಸುತ್ತೀರಿ, ಅಲ್ಲಿಗೆ ಸರಿ. ಆಮೇಲೆ ರೆಕ್ಸಿನ್ ಹೊದಿಸುವಾಗ ಯಾವ ಮುಖ ಒಳಗೆ ಯಾವ ಮುಖ ಹೊರಗೆ ಎಂದು ಮರೆತು ಎರಡೂ ಎಡದ ಪ್ಯಾಡ್ ಆಗಿಬಿಡುತ್ತದೆ. ಕತ್ತರಿಸಿದ ಕೂಡಲೇ ಪ್ರತಿ ಬೋರ್ಡಿನ ಬೆನ್ನಿನ ಮೇಲೆ ಮಾರ್ಕರಿನಿಂದ ‘ಎಡ ಮುಂದೆ, ಬೆನ್ನು’ ಎಂದು ದೊಡ್ಡದಾಗಿ ಬರೆಯಿರಿ, ಮೇಲ್ತುದಿಗೆ ಬಾಣದ ಗುರುತು ಹಾಕಿ.

ಕತ್ತರಿಸಲು ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೇ ಗೆರೆ ಎಳೆದು ಕುಯ್ದರೆ ಪ್ಲೈಯ ಸಿಬಿರು ಏಳುವುದಿಲ್ಲ. ಯಂತ್ರ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಕುಯ್ಯಬಹುದು, ಡೋರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಂಚನ್ನು 120 ನಂಬರ್ ಉಪ್ಪುಕಾಗದದಿಂದ ಉಜ್ಜಿ ಸ್ವಲ್ಪ ಗುಂಡಗೆ ಮಾಡಿ, ಚೂಪಾಗಿ ಬಿಟ್ಟರೆ ರೆಕ್ಸಿನ್ ಅಲ್ಲೇ ಸೀಳುತ್ತದೆ.

4 ಎಂಎಂ ಪ್ಲೈ ಹಾಕಿದವರಿಗೆ ಒಂದು ಹೆಚ್ಚಿನ ಕೆಲಸ. ಕ್ಲಿಪ್ ಮಾಡಿರುವುದು 3 ಎಂಎಂ ಬೋರ್ಡಿಗೆ. ಆದ್ದರಿಂದ ಪ್ರತಿ ಕ್ಲಿಪ್ ಕೂರುವಲ್ಲಿ ಬೆನ್ನಿನ ಕಡೆಯಿಂದ ಉಳಿ ಹಿಡಿದು ಒಂದು ಎಂಎಂ ಕೆತ್ತಿ ತಗ್ಗು ಮಾಡಿ. ಬೇಸರದ ಕೆಲಸ, ಆದರೆ ಬಿಟ್ಟರೆ ಪ್ಯಾಡ್ ಡೋರಿನಿಂದ ಎದ್ದೇ ನಿಲ್ಲುತ್ತದೆ. ಕೆತ್ತಿ ಆದ ಮೇಲೆ ರೆಕ್ಸಿನ್ ಇಲ್ಲದ ಬರೀ ಬೋರ್ಡಿಗೆ ಕ್ಲಿಪ್ ಹಾಕಿ ಡೋರಿಗೆ ಕೂರಿಸಿ, ಹ್ಯಾಂಡಲ್ ಸುತ್ತಿ, ಡೋರ್ ಹಾಕಿ ತೆಗೆದು ನೋಡಿ. ಸರಿಮಾಡಲು ಇದೇ ಕೊನೆಯ ಅವಕಾಶ.

ನೀರು ತಡೆಯಲು ಬೆನ್ನಿಗೆ ಪಿಯು ವಾರ್ನಿಷ್ ಎರಡು ಕೋಟ್, ಕ್ಲಿಪ್ಪಿನ ತೂತುಗಳ ಒಳಗೂ ಹಚ್ಚಿ. ಆದರೆ ಸುತ್ತ ಎರಡಿಂಚಿನ ಪಟ್ಟಿಗೆ ಈಗಲೇ ಹಚ್ಚಬೇಡಿ. ರೆಕ್ಸಿನ್ ಮಡಚಿ ಅಂಟಿಸುವುದು ಅಲ್ಲಿಗೇ, ಮರವೇ ಬರಿಯದಾಗಿದ್ದರೆ ಗಮ್ ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಎನಾಮಲ್ ಬಳಿದು ಮೇಲೆ ಗಮ್ ಹಚ್ಚಿದರಂತೂ ಗಮ್ಮಿನ ಥಿನ್ನರ್‌ಗೆ ಪೇಂಟೇ ಮೆತ್ತಗಾಗಿ ಸಿಪ್ಪೆ ಏಳುತ್ತದೆ. ಅಂಚಿಗೆ ಗಮ್ಮನ್ನೇ ತೆಳ್ಳಗೆ ಮಾಡಿ ಎರಡು ಸಲ ಕುಡಿಸಿದರೆ ಅದೇ ಸೀಲ್ ಆಯಿತು.

ಹೊಲಿಗೆ ಗೆರೆ ಬೇಕೆನ್ನುವವರಿಗೆ

ಬರೀ ಬೋಳು ರೆಕ್ಸಿನ್ ಹೊದಿಸಿದ ಪ್ಯಾಡ್ ಹಳೇ ಕಾರಿಗೆ ಒಪ್ಪುವುದಿಲ್ಲ ಎನ್ನುವುದು ನಿಜ. ಹಾಗೆಂದು ಡೈಮಂಡ್ ಚೌಕಳಿ ಹೊಲಿಸಿ ಹೊಸ ಎಸ್‌ಯುವಿಯ ವೇಷ ಹಾಕಿಸುವುದು ಪದ್ಮಿನಿಗೆ ಮಾಡುವ ಅವಮಾನ. ಉದ್ದುದ್ದ ಗೆರೆಗಳು, ಮೇಲೊಂದು ಬೇರೆ ಬಣ್ಣದ ಪಟ್ಟಿ, ನಡುವೆ ತೆಳು ಪೈಪಿಂಗ್ (ಒಳಗೆ ದಾರವಿಟ್ಟು ಹೊಲಿದ ಉಬ್ಬು ಗೆರೆ), ಅಷ್ಟು ಸಾಕು.

ಮನೆಯ ಕಪ್ಪು ಹೊಲಿಗೆ ಯಂತ್ರದಲ್ಲೇ ಇದು ಆಗುತ್ತದೆ. ಸೂಜಿ 18 ನಂಬರ್, ದಾರ ಪಾಲಿಯೆಸ್ಟರ್ ಅಥವಾ ನೈಲಾನ್ (ಹತ್ತಿ ದಾರ ಮಲೆನಾಡಿನಲ್ಲಿ ಕೊಳೆಯುತ್ತದೆ), ಹೊಲಿಗೆಯ ಅಂತರ ಮೂರೂವರೆಯಿಂದ ನಾಲ್ಕು ಎಂಎಂ. ಅಂತರ ಇದಕ್ಕಿಂತ ಚಿಕ್ಕದಾದರೆ ರೆಕ್ಸಿನ್ ಅಂಚೆಚೀಟಿಯ ಅಂಚಿನ ಹಾಗೆ ಗೆರೆ ಹಿಡಿದು ಹರಿಯುತ್ತದೆ. ಯಂತ್ರದ ಪಾದಕ್ಕೆ ರೆಕ್ಸಿನ್ ಅಂಟಿಕೊಂಡು ಮುಂದೆ ಹೋಗದಿದ್ದರೆ ಮೇಲೆ ಸ್ವಲ್ಪ ಪೌಡರ್ ಉದುರಿಸಿ, ಅಥವಾ ತೆಳು ಕಾಗದ ಇಟ್ಟು ಅದರ ಮೇಲೇ ಹೊಲಿದು ಆಮೇಲೆ ಹರಿದು ತೆಗೆಯಿರಿ. ಗುಂಡುಪಿನ್ ಚುಚ್ಚಬೇಡಿ, ರೆಕ್ಸಿನ್ನಿನಲ್ಲಿ ತೂತು ಬಿದ್ದರೆ ಬಿದ್ದದ್ದೇ. ಬಟ್ಟೆ ಕ್ಲಿಪ್ ಹಾಕಿ ಹಿಡಿಸಿ.

ಫೋಮಿನ ಮೇಲೆ ಹೊಲಿದ ಪ್ರತಿ ಗೆರೆಯೂ ಸ್ವಲ್ಪ ಅಗಲ ನುಂಗುತ್ತದೆ. ಗೆರೆಗೆ ಎರಡು ಎಂಎಂ ಹೋದರೆ ಇಪ್ಪತ್ತು ಗೆರೆಗೆ ನಾಲ್ಕು ಸೆಂಟಿಮೀಟರ್ ಹೋಯಿತು, ಅಂದರೆ ಒಂದು ಬದಿಯ ಮಡಿಕೆಗೆ ಬಿಟ್ಟದ್ದು ಹೆಚ್ಚುಕಮ್ಮಿ ಮಾಯ. ಎಷ್ಟು ನುಂಗುತ್ತದೆ ಎನ್ನುವುದು ಫೋಮಿನ ದಪ್ಪದ ಮೇಲಿದೆ. ಹತ್ತಿಂಚಿನ ತುಂಡಿನ ಮೇಲೆ ನಿಮಗೆ ಬೇಕಾದ ಅಂತರದಲ್ಲಿ ಹೊಲಿದು ಮತ್ತೆ ಅಳೆದು, ಅದೇ ಲೆಕ್ಕದಲ್ಲಿ ರೆಕ್ಸಿನ್ ದೊಡ್ಡದಾಗಿ ಕತ್ತರಿಸಿ. ಗೆರೆ ಹೊಲಿದು ಮುಗಿದ ಮೇಲಷ್ಟೇ ಪ್ಯಾಡಿನ ಆಕಾರಕ್ಕೆ ಟ್ರಿಮ್ ಮಾಡಬೇಕು.

ಇನ್ನೊಂದು, ಮುಂದಿನ ಡೋರಿನ ಪೈಪಿಂಗ್ ಗೆರೆ ಹಿಂದಿನ ಡೋರಿನದಕ್ಕೆ ಕೂಡಬೇಕು. ಎರಡು ಪ್ಯಾಡನ್ನೂ ಮೇಲಿನಿಂದ ಎಂಟಿಂಚು ಎಂದು ಅಳೆದರೆ ಕೂಡುವುದಿಲ್ಲ, ಎರಡರ ಮೇಲಂಚು ಒಂದೇ ಮಟ್ಟದಲ್ಲಿರುತ್ತದೆ ಎಂಬ ಭರವಸೆಯಿಲ್ಲ. ಪ್ಯಾಡ್ ಇಲ್ಲದ ಬರೀ ಡೋರುಗಳನ್ನು ಹಾಕಿಕೊಂಡು ಕಾರಿನೊಳಗೆ ಕೂತು, ಡ್ಯಾಶ್‌ಬೋರ್ಡಿನ ತುದಿಯಿಂದ ಹಿಂದಿನ ಸೀಟಿನ ಮೂಲೆಗೆ ದಾರ ಎಳೆದು ಕಟ್ಟಿ. ದಾರ ಹಾದುಹೋಗುವಲ್ಲಿ ಎರಡೂ ಡೋರಿನ ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ಬರೀ ಬೋರ್ಡ್ ಕೂರಿಸಿದಾಗ ಆ ಗುರುತನ್ನು ಬೋರ್ಡಿನ ಅಂಚಿಗೆ ಇಳಿಸಿಕೊಳ್ಳಿ.

ಅಂಟಿಸುವುದು

ಗಾಳಿಯಾಡುವ ಜಗಲಿಯಲ್ಲಿ ಮಾಡಿ. ಬಚ್ಚಲ ಹಂಡೆಯ ಒಲೆ ಉರಿಯುತ್ತಿರುವ ಕಡೆ ಗಮ್ ಡಬ್ಬ ತೆರೆಯಲೇ ಬಾರದು. ಆವಿ ನೆಲಮಟ್ಟದಲ್ಲೇ ಹರಿದುಹೋಗಿ ದೂರದ ಬೆಂಕಿಗೂ ಹತ್ತಿಕೊಳ್ಳುತ್ತದೆ.

ಫೋಮನ್ನು ಬೋರ್ಡಿನ ಅಂಚಿಗಿಂತ ಸುತ್ತ ನಾಲ್ಕೈದು ಎಂಎಂ ಒಳಕ್ಕೆ ನಿಲ್ಲಿಸಿ, ಅಂಚು ಚೊಕ್ಕವಾಗಿ ಮಡಚುತ್ತದೆ. ಗ್ಲಾಸ್ ಹ್ಯಾಂಡಲಿನ ದಂಡದ ಸುತ್ತ ಎರಡಿಂಚು ಅಗಲದ ವೃತ್ತದಷ್ಟು ಫೋಮ್ ಕತ್ತರಿಸಿ ತೆಗೆಯಿರಿ. ಇದನ್ನು ಮರೆತರೆ ಬೋರ್ಡ್ 4, ಫೋಮ್ 4, ರೆಕ್ಸಿನ್ 1 ಸೇರಿ 9 ಎಂಎಂ ಆಗಿ, ಹ್ಯಾಂಡಲಿಗೆ ಹಿಡಿಯಲು ದಂಡವೇ ಉಳಿಯುವುದಿಲ್ಲ. ಪಿನ್ನಿನ ತೂತು ಒಳಗೆ ಹೂತುಹೋಗುತ್ತದೆ. ಹೇಗೋ ತುರುಕಿದರೂ ತಿರುಗಿಸಿದಾಗಲೆಲ್ಲ ರೆಕ್ಸಿನ್ ಮೇಲೆ ಉಂಗುರದ ಹಾಗೆ ಉಜ್ಜುತ್ತದೆ.

ಗಮ್ಮನ್ನು ಎರಡೂ ಮೈಗೆ ತೆಳ್ಳಗೆ, ಒಂದೇ ಸಮ ಹಚ್ಚಿ. ಪ್ಲೈ ಮೊದಲ ಕೋಟನ್ನು ಕುಡಿದುಬಿಡುತ್ತದೆ, ಅದಕ್ಕೆ ಎರಡು. ಹತ್ತು ಹದಿನೈದು ನಿಮಿಷ ಬಿಟ್ಟು ಬೆರಳ ಬೆನ್ನಿನಿಂದ ಮುಟ್ಟಿ. ಜಿಗುಟು ಅನ್ನಿಸಬೇಕು, ಬೆರಳಿಗೆ ಹತ್ತಬಾರದು. ಅವಸರಪಟ್ಟು ಹಸಿಯಾಗಿಯೇ ಅಂಟಿಸಿದರೆ ಥಿನ್ನರ್ ಒಳಗೇ ಸಿಕ್ಕಿಹಾಕಿಕೊಂಡು, ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ.

ಎರಡು ಮೈ ತಾಗಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಆದ್ದರಿಂದ ನಡುವೆ ಪೇಪರ್ ಹಾಸಿ ರೆಕ್ಸಿನ್ ಜಾಗಕ್ಕೆ ಕೂರಿಸಿ, ಪೈಪಿಂಗ್ ಗೆರೆ ಗುರುತಿಗೆ ಸರಿಯಾಗಿದೆ ಎಂದು ನೋಡಿಕೊಂಡು, ಪೇಪರನ್ನು ನಡುವಿನಿಂದ ಒಂದೊಂದೇ ಗೇಣು ಎಳೆಯುತ್ತಾ ಅಂಗೈಯಿಂದ ನಡುವಿನಿಂದ ಹೊರಕ್ಕೆ ನೇವರಿಸಿ. ಗಮ್ ಒಣಗಿದ್ದರೆ ಪೇಪರ್ ಅಂಟಿಕೊಳ್ಳುವುದಿಲ್ಲ, ಅಂಟಿಕೊಂಡರೆ ಇನ್ನೂ ಕಾಯಬೇಕಿತ್ತು ಎಂದೇ ಲೆಕ್ಕ.

ಮಡಚುವಾಗ ಮೊದಲು ಮೇಲಿನ ಉದ್ದದ ಅಂಚಿನ ನಡುಭಾಗ, ಆಮೇಲೆ ಅದರ ಎದುರಿನ ಕೆಳ ಅಂಚು, ಆಮೇಲೆ ಪಕ್ಕಗಳು, ಮೂಲೆಗಳು ಎಲ್ಲಕ್ಕಿಂತ ಕೊನೆಗೆ. ಹೊರಗುಂಡಾದ ಮೂಲೆಯಲ್ಲಿ ಮಡಿಕೆಗೆ ವಿ ಆಕಾರದ ಕಚ್ಚು ಹಾಕಿ, ಒಳಬಾಗಿದ ಕಡೆ ನೇರ ಸೀಳು ಸಾಕು. ಎರಡೂ ಅಂಚಿನಿಂದ ಮೂರು ಎಂಎಂ ದೂರಕ್ಕೇ ನಿಲ್ಲಲಿ, ಇಲ್ಲದಿದ್ದರೆ ಸೀಳು ಮುಂದಿನಿಂದ ಕಾಣುತ್ತದೆ. ಮೂಲೆಯ ರೆಕ್ಸಿನ್ನಿಗೆ ಹೇರ್ ಡ್ರೈಯರ್ ಹಿಡಿದು ಎಳೆದರೆ ಸುಕ್ಕಿಲ್ಲದೆ ಕೂರುತ್ತದೆ. ತೀರಾ ಬಲವಾಗಿ ಎಳೆದರೆ ಬೋರ್ಡೇ ಬಿಲ್ಲಾಗುತ್ತದೆ. ಸುಕ್ಕು ಹೋಗುವಷ್ಟು ಎಳೆದರೆ ಸಾಕು, ಡೊಳ್ಳು ಕಟ್ಟುವುದು ಬೇಕಿಲ್ಲ.

ಗಮ್ಮಿನ ಮೇಲೆ ಸ್ಟೇಪ್ಲರ್ ಪಿನ್ ಹೊಡೆಯುವುದಾದರೆ ಪಿನ್ನಿನ ಕಾಲು ನೋಡಿ. 6 ಎಂಎಂ ಪಿನ್ 4 ಎಂಎಂ ಪ್ಲೈಯಲ್ಲಿ ಮುಂದೆ ಮೂತಿ ಹಾಕುತ್ತದೆ. ಕಾಲು ಚಿಕ್ಕದಿರುವುದೇ ಬೇಕು, ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಮಾಮೂಲಿ ಪಿನ್ ತುಕ್ಕು ಹಿಡಿದು ಮುರಿಯುತ್ತದೆ. ಇದೆಲ್ಲ ಆದ ಮೇಲೆ ಮಡಿಕೆಯ ಕೊನೆ ಮತ್ತು ಮರ ಸೇರುವ ಗೆರೆಗೆ, ಬಿಟ್ಟಿದ್ದ ಎರಡಿಂಚಿನ ಪಟ್ಟಿಗೆ ವಾರ್ನಿಷ್ ಹಚ್ಚಿ ಮುಚ್ಚಿ. ಒಂದು ದಿನ ಚಪ್ಪಟೆಯಾಗಿ ಮಲಗಿಸಿಡಿ, ಗೋಡೆಗೆ ಒರಗಿಸಿದರೆ ಹಾಗೇ ಬಾಗಿ ಒಣಗುತ್ತದೆ.

ಕೂರಿಸುವುದು

ಹ್ಯಾಂಡಲಿನ ತೂತನ್ನು ಮುಂದಿನಿಂದ ಅಂದಾಜಿಗೆ ಕತ್ತರಿಸಬೇಡಿ. ಬೆನ್ನಿನಿಂದ ಬೋರ್ಡಿನ ತೂತಿನ ನಡುವೆ ಬ್ಲೇಡ್ ತುದಿ ಚುಚ್ಚಿ ಪ್ಲಸ್ ಆಕಾರದಲ್ಲಿ ಸೀಳಿ. ಆರ್ಮ್‌ರೆಸ್ಟಿನ ಸ್ಕ್ರೂ ಪ್ಯಾಡ್ ದಾಟಿ ಡೋರಿನ ತಗಡಿಗೇ ಹಿಡಿಯಬೇಕು. ಬಾಗಿಲೆಳೆಯುವ ಭಾರ ಬೋರ್ಡಿನ ಮೇಲೆ ಬಿದ್ದರೆ ಕ್ಲಿಪ್‌ಗಳು ಒಂದೊಂದಾಗಿ ಕಿತ್ತುಬರುತ್ತವೆ. ಬೋರ್ಡು ದಪ್ಪಗಾದಷ್ಟು ಉದ್ದದ ಸ್ಕ್ರೂ ತನ್ನಿ, ಆದರೆ ಗ್ಲಾಸ್ ಪೂರ್ತಿ ಇಳಿಸಿ ಅದಕ್ಕೆ ತಾಗುವುದಿಲ್ಲ ಎಂದು ನೋಡಿಯೇ ಬಿಗಿ ಮಾಡಿ.

ಸ್ಪೀಕರ್ ಹಾಕುವ ಆಸೆಯಿದ್ದರೂ ಇದೇ ಎಚ್ಚರ: ಇಳಿದ ಗ್ಲಾಸಿಗೂ ಮ್ಯಾಗ್ನೆಟ್ಟಿಗೂ ನಡುವೆ ಜಾಗ ಬೇಕು. ಸ್ಪೀಕರಿಗೆಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿದಿರೋ ಹಿಂದಿನಿಂದ ಅದಕ್ಕೊಂದು ಟೊಪ್ಪಿ ಮಾಡಿ ಮುಚ್ಚಲೇಬೇಕು. ಹಿಂದಿನ ಸೀಟಿನ ಹಿಂದೆ ಹಾಕುವುದೇ ಮೇಲು.

ಪ್ರತಿ ಕ್ಲಿಪ್ ತೂತಿನ ಎದುರಿಗಿದೆ ಎಂದು ಸಂದಿಯಿಂದ ನೋಡಿಕೊಂಡು ಅದರ ಮೇಲೆಯೇ ಅಂಗೈಯಿಂದ ಗುದ್ದಿ, ‘ಟಕ್’ ಎನ್ನಬೇಕು. ಸದ್ದು ಬಾರದೆ ಮೆತ್ತಗೆ ಕೂತರೆ ಕ್ಲಿಪ್ ಮಡಚಿಕೊಂಡಿದೆ, ಬಿಚ್ಚಿ ಹೊಸದು ಹಾಕಿ. ಹೊಳಪಿಗೆಂದು ಸಿಲಿಕಾನ್ ಪಾಲಿಶ್ ಹಚ್ಚಬೇಡಿ, ಮುಂದೆ ಎಂದಾದರೂ ರಿಪೇರಿಗೆ ಬಂದಾಗ ಅಲ್ಲಿ ಯಾವ ಗಮ್ಮೂ ಹಿಡಿಯುವುದಿಲ್ಲ. ಸೋಪು ನೀರಿನ ಬಟ್ಟೆಯಿಂದ ಒರೆಸಿದರೆ ಸಾಕು.

ಜೂನಿನ ಮೊದಲ ದೊಡ್ಡ ಮಳೆ ಹೊಡೆದ ಮಾರನೆಯ ಬೆಳಿಗ್ಗೆ ಕೆಳಗಿನ ಎರಡು ಕ್ಲಿಪ್ ಮಾತ್ರ ದಬ್ಬೆಯಿಂದ ಎಬ್ಬಿಸಿ, ಪ್ಯಾಡಿನ ಬೆನ್ನಿಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ಹಾಗೇ ಒತ್ತಿ ಮುಚ್ಚಿ. ತೇವ ಸಿಕ್ಕಿದರೆ ರೆಕ್ಸಿನ್ ಮುಟ್ಟಬೇಡಿ, ಹಾಳೆಯ ಕೆಳ ಅಂಚು ತಗಡಿನ ಬಾಯಿಯಿಂದ ಹೊರಗೆ ಬಂದಿರುತ್ತದೆ, ಮತ್ತೆ ಒಳಗೆ ಇಳಿಬಿಡಿ.